ಲಾಕೌಟ್ ಆದ ಕಡೆ ಬದಲಿ ಕೆಲಸಕ್ಕೆ ಹೋಗುವುದು ತಪ್ಪೇ?

ನೀವು ಕೇಳಿದ್ದು ಇಷ್ಟು: ಸಂಬಳದ ಮಾತುಕತೆ ಮುರಿದುಬಿದ್ದು ಒಂದು ಕಾರ್ಖಾನೆ ಲಾಕೌಟ್ ಆಗಿದೆ. ನಿಮ್ಮನ್ನು ಮೂರು ತಿಂಗಳಿಗೆ ಬದಲಿಯಾಗಿ ಕರೆದಿದ್ದಾರೆ. ಕೈಯಲ್ಲಿ ಬೇರೆ ಕೆಲಸ ಇಲ್ಲ. ಹೋದರೆ ತಪ್ಪಾ?

ನಾನು ಒಮ್ಮೆ ಹಾಗೆ ಹೋಗಿದ್ದೆ. ಅದಕ್ಕೇ ಹೇಳ್ತಿದ್ದೇನೆ, ಬೇರೆ ಯಾವ ದಾರಿ ಇದ್ದರೂ ಹೋಗಬೇಡಿ.

ನನಗೆ ಕೊಟ್ಟ ಮೆಷಿನ್ನಿನ ಡಯಲ್ ಮೇಲೆ ಯಾರೋ ಕೆಂಪು ಪೇಂಟಿನಲ್ಲಿ ಸಣ್ಣ ಗೆರೆ ಎಳೆದಿದ್ದರು. ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ 'ಬೆಳಿಗ್ಗೆ ಅರ್ಧ ಸುತ್ತು ಜಾಸ್ತಿ' ಅಂತ ಬರೆದಿತ್ತು. ಸೂಪರ್‌ವೈಸರ್ ಹೇಳಿಕೊಟ್ಟಿದ್ದು ನನ್ನ ತಲೆಗೆ ಹೋಗಲಿಲ್ಲ. ಆ ಗೆರೆ ನೋಡಿಕೊಂಡೇ ದಿನ ತಳ್ಳಿದೆ. ಗೆರೆ ಎಳೆದವರು ಗೇಟಿನ ಹೊರಗಿದ್ದರು. ಅವರ ಅನುಭವ ಇಟ್ಟುಕೊಂಡೇ ಅವರನ್ನು ಹೊರಗಿಡೋಕೆ ನಾನು ನೆರವಾಗಿದ್ದೆ.

ಮುಷ್ಕರಕ್ಕೂ ಲಾಕೌಟ್‌ಗೂ ಇರುವ ವ್ಯತ್ಯಾಸ ಇಲ್ಲಿ ಮುಖ್ಯ. ಮುಷ್ಕರದಲ್ಲಿ ಕೆಲಸಗಾರರೇ ಕೆಲಸ ನಿಲ್ಲಿಸುತ್ತಾರೆ. ಲಾಕೌಟ್‌ನಲ್ಲಿ ಗೇಟು ಮುಚ್ಚುವುದು ಆಡಳಿತದವರು. ಕೆಲಸಗಾರರು ಮಾಡ್ತೀವಿ ಅಂದರೂ ಒಳಗೆ ಬಿಡುವುದಿಲ್ಲ. 'ಅವರು ಬಿಟ್ಟುಹೋದ ಕೆಲಸ ತಾನೇ' ಅನ್ನೋ ಸಮಾಧಾನವೂ ನಮಗೆ ಉಳಿಯಲ್ಲ.

ಗೇಟು ಮುಚ್ಚಿದರೆ ಮಾಲೀಕರಿಗೂ ನಷ್ಟ. ಆ ನಷ್ಟವೇ ಅವರನ್ನು ಮತ್ತೆ ಮಾತುಕತೆಗೆ ಕೂರಿಸುವುದು. ಬದಲಿಗಳು ಬಂದರೆ ಅವರ ನಷ್ಟ ಕಡಿಮೆಯಾಗುತ್ತೆ, ಹೊರಗಿದ್ದವರ ಸಂಬಳ ಮಾತ್ರ ನಿಂತೇ ಇರುತ್ತೆ. 2012ರಲ್ಲಿ ಅಮೆರಿಕದ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ ತನ್ನ ರೆಫರಿಗಳನ್ನು ಲಾಕೌಟ್ ಮಾಡಿ ಬದಲಿಗಳನ್ನು ಇಳಿಸಿತ್ತು. ಸೆಪ್ಟೆಂಬರ್ 24ರ ಪಂದ್ಯದ ಕೊನೆಯ ಕ್ಷಣದಲ್ಲಿ ಅಕ್ಕಪಕ್ಕ ನಿಂತಿದ್ದ ಇಬ್ಬರು ಬದಲಿ ರೆಫರಿಗಳು ಬೇರೆ ಬೇರೆ ಸನ್ನೆ ಮಾಡಿದರು. ದೊಡ್ಡ ಗಲಾಟೆಯಾಯಿತು. ಎರಡೇ ದಿನದಲ್ಲಿ ಒಪ್ಪಂದವಾಗಿ ಹಳಬರು ವಾಪಸ್ ಬಂದರು. ಬದಲಿಗಳು ಹೇಗೋ ನಿಭಾಯಿಸುತ್ತಿದ್ದಷ್ಟು ದಿನ ಆ ಅವಸರ ಇರಲಿಲ್ಲ. ಅಂದರೆ ನೀವು ಎಷ್ಟು ಚೆನ್ನಾಗಿ ಕೆಲಸ ಮಾಡ್ತೀರೋ, ಹೊರಗಿನವರು ಅಷ್ಟು ಜಾಸ್ತಿ ದಿನ ಕಾಯಬೇಕಾಗಬಹುದು.

ಕಾನೂನು ಎಲ್ಲ ಕಡೆ ಒಂದೇ ಥರ ಇಲ್ಲ. ಕೆನಡಾದ ಕ್ವಿಬೆಕ್ ಪ್ರಾಂತ್ಯ 1977ರಲ್ಲೇ ಮುಷ್ಕರ, ಲಾಕೌಟ್ ಎರಡರಲ್ಲೂ ಬದಲಿಗಳನ್ನು ತಡೆಯುವ ಕಾನೂನು ಮಾಡಿತು. ಅಮೆರಿಕದಲ್ಲಿ ಕಾನೂನುಬದ್ಧ ಲಾಕೌಟ್ ಇದ್ದಾಗ ತಾತ್ಕಾಲಿಕ ಬದಲಿಗಳಿಗೆ ಅವಕಾಶ ಇದೆ. ಆದರೆ ಕಾನೂನು ಬಿಡುತ್ತೆ ಅಂದಮಾತ್ರಕ್ಕೆ ಮನಸ್ಸು ಒಪ್ಪಬೇಕಲ್ವಾ?

ಆಸ್ಪತ್ರೆಯಲ್ಲಿ ರೋಗಿ ಮಲಗಿದ್ದರೆ, ಕುಡಿಯುವ ನೀರು ನಿಲ್ಲುವ ಹಾಗಿದ್ದರೆ ನಾನು ಹೋಗಬೇಡಿ ಅನ್ನಲ್ಲ. ಜೀವ ಉಳಿಸುವಷ್ಟು ಕೆಲಸ ಯಾರಾದರೂ ಮಾಡಲೇಬೇಕು.

ಮನೆಯಲ್ಲಿ ಮಕ್ಕಳ ಹೊಟ್ಟೆಗೇ ಇಲ್ಲ ಅನ್ನೋ ಸ್ಥಿತಿ ಇದ್ದರೆ ನಿಮ್ಮನ್ನು ಕೆಟ್ಟವರು ಅಂತ ಯಾರೂ ಅನ್ನಬಾರದು. ಹಸಿದವರನ್ನು ಹಸಿದವರ ಮೇಲೆ ಬಿಟ್ಟವರದ್ದೇ ದೊಡ್ಡ ತಪ್ಪು. ಆದರೂ ಸಹಿ ಹಾಕುವ ಮೊದಲು ಗೇಟಿನ ಹೊರಗಿದ್ದವರನ್ನು ಒಮ್ಮೆ ಮಾತಾಡಿಸಿ. ಅವರು ಏನು ಕೇಳಿದ್ದರು, ಆಡಳಿತದವರು ಏನು ಕೊಡ್ತೀವಿ ಅಂದರು ಅಂತ ಅವರ ಬಾಯಿಂದಲೇ ಕೇಳಿ. ನಾನು ಕೇಳಲಿಲ್ಲ. ಬೆಳಗಿನ ಜಾವ ನಮ್ಮನ್ನು ಪರದೆ ಎಳೆದ ವ್ಯಾನಿನಲ್ಲಿ ಒಳಗೆ ಕರೆದೊಯ್ಯುತ್ತಿದ್ದರು. ಹನ್ನೊಂದನೇ ದಿನ ಕೆಲಸ ಬಿಟ್ಟು ಗೇಟಿನಿಂದ ನಡೆದು ಹೊರಬಂದಾಗಲೇ ನಾನು ಅವರ ಮುಖ ನೋಡಿದ್ದು.