ಪುಣೆಯಲ್ಲಿ ಸೈಕಲ್ ಕೊಳ್ಳುವ ತಂಗಿಗೆ

ಹುಬ್ಬಳ್ಳಿಯಿಂದ ಕೊಥ್ರೂಡ್‌ಗೆ ಬಂದು ಎರಡೇ ವಾರವಾಗಿದೆ, ಎತ್ತರ 4 ಅಡಿ 11 ಇಂಚು, ಶಿವಾಜಿನಗರದ ಕಚೇರಿಗೆ ಅವಸರವಿಲ್ಲದೆ ಸೈಕಲ್ ಮೇಲೆ ಹೋಗಿಬರಬೇಕು, ಎಂಥದನ್ನು ಕೊಳ್ಳಲಿ ಅಕ್ಕಾ ಎಂದು ಕೇಳಿದ್ದೀರಿ. ಇಪ್ಪತ್ತೆರಡು ವರ್ಷಗಳಿಂದ ಈ ಊರಿನಲ್ಲಿರುವ ನನ್ನ ಎತ್ತರವೂ ಅಷ್ಟೇ. ಆದ್ದರಿಂದ ಮೊದಲು ಹೇಳುವುದು ಇದು: ಗೇರ್ ಎಷ್ಟಿವೆ ಎಂದು ಕೇಳುವುದಕ್ಕಿಂತ ಮುಂಚೆ ಫ್ರೇಮಿನ ಅಳತೆ, ಅಂದರೆ ಸೀಟಿನ ಕೆಳಗೆ ನೆಟ್ಟಗಿರುವ ಕೊಳವೆಯ ಉದ್ದ ಎಷ್ಟೆಂದು ಕೇಳಿ.

ನಾನು ಅಂಗಡಿಯವರ ಮಾತು ನಂಬಿ 18 ಇಂಚಿನ ಫ್ರೇಮ್ ತಂದಿದ್ದೆ. ಕರ್ವೆ ರಸ್ತೆಯ ನಳ ಸ್ಟಾಪ್ ಸಿಗ್ನಲ್‌ನಲ್ಲಿ ಬ್ರೇಕ್ ಹಿಡಿದಾಗ ಕಾಲಿನ ಹೆಬ್ಬೆರಳೂ ನೆಲಕ್ಕೆ ಎಟುಕದೆ, ಹಿಂದೆ ಬಸ್ಸು ನಿಂತಿರುವಾಗಲೇ ಎಡಕ್ಕೆ ವಾಲಿ ಬಿದ್ದೆ. ಮೊಣಕೈಯ ಆ ಕಲೆ ಇಂದಿಗೂ ಇದೆ. ನಿಮಗೆ 14 ಅಥವಾ 15 ಇಂಚಿನ ಫ್ರೇಮ್ ಸಾಕು, ಅದರಲ್ಲೂ ಬಾರ್ ಕೆಳಗಿಳಿದಿರುವ ಲೇಡೀಸ್ ಸೈಕಲ್ಲಾದರೆ ಚೂಡಿದಾರದಲ್ಲಿಯೂ ಸಲೀಸಾಗಿ ಹತ್ತಿ ಇಳಿಯಬಹುದು. ಚಕ್ರ 26 ಇಂಚಿನದಿರಲಿ. ಸಣ್ಣ ಫ್ರೇಮಿಗೆ 700ಸಿ ಎನ್ನುವ ದೊಡ್ಡ ಚಕ್ರ ಹಾಕಿದ್ದರೆ, ನಿಧಾನವಾಗಿ ತಿರುಗುವಾಗ ಮುಂದಿನ ಟೈರು ಚಪ್ಪಲಿಯ ತುದಿಗೆ ತಾಗುವ ಸಂಭವವಿರುತ್ತದೆ.

ಸೀಟಿನ ಎತ್ತರವನ್ನು ಅಂಗಡಿಯಲ್ಲಿಯೇ ಸರಿಮಾಡಿಸಿಕೊಳ್ಳಿ. ಪೆಡಲ್ ಪೂರ್ತಿ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ತುಳಿಯುವಾಗ ಪಾದದ ಮುಂಭಾಗ ಪೆಡಲ್ ಮೇಲಿರುವುದರಿಂದ ಮಂಡಿ ತಾನಾಗಿ ತುಸು ಬಾಗುತ್ತದೆ. ಅಷ್ಟು ಎತ್ತರಕ್ಕೆ ಅಂಜಿಕೆಯಾದರೆ "ಸೀಟ್ ಥೋಡೀ ಖಾಲೀ ಘ್ಯಾ" ಎಂದು ಮರಾಠಿಯಲ್ಲಿ ಹೇಳಿ ಎರಡು ಸೆಂಟಿಮೀಟರ್ ಇಳಿಸಿಕೊಳ್ಳಿ, ಆದರೆ ರೂಢಿಯಾದ ಮೇಲೆ ಏರಿಸಿ, ಏಕೆಂದರೆ ತಗ್ಗಿನ ಸೀಟಿನಲ್ಲಿ ದಿನವೂ ತುಳಿದರೆ ಮಂಡಿ ನೋಯುತ್ತದೆ.

ಯಾರೂ ಹೇಳದ ಇನ್ನೊಂದು ಸಂಗತಿ ಬ್ರೇಕ್ ಹಿಡಿಕೆಯದು. ನಮ್ಮಂಥ ಸಣ್ಣ ಕೈಗಳಿಗೆ ಅದು ದೂರವಾಗುತ್ತದೆ. ಬಹಳಷ್ಟು ಹಿಡಿಕೆಗಳ ಒಳಬದಿಯಲ್ಲಿ ಒಂದು ಪುಟ್ಟ ಸ್ಕ್ರೂ ಇದ್ದು, ಅದನ್ನು ತಿರುಗಿಸಿದರೆ ಹಿಡಿಕೆ ಹ್ಯಾಂಡಲ್‌ನ ಸಮೀಪಕ್ಕೆ ಬರುತ್ತದೆ. ಎರಡು ಬೆರಳಿನಿಂದ ಗಟ್ಟಿಯಾಗಿ ಒತ್ತಲು ಬರುವವರೆಗೆ ಅಂಗಡಿಯಿಂದ ಹೊರಡಬೇಡಿ. ಮಳೆಗಾಲದಲ್ಲಿ ರಿಮ್ ಒದ್ದೆಯಾಗಿ ಬ್ರೇಕ್ ತಡವಾಗಿ ಹಿಡಿಯುವುದರಿಂದ ಇದು ಜೀವದ ಮಾತು.

ಟೈರು 1.75 ಇಂಚಿನದಾದರೆ ಗುಂಡಿಗಳನ್ನು ತಾಳುತ್ತದೆ. ನೀವು ಹಗುರವಾಗಿರುವುದರಿಂದ, ಟೈರಿನ ಬದಿಯಲ್ಲಿ ಬರೆದಿರುವ ಮಿತಿಯೊಳಗೆ ಗಾಳಿಯ ಒತ್ತಡ 40 ಪಿಎಸ್‌ಐ ಆಸುಪಾಸು ಇದ್ದರೆ ಸಾಕು. ಬಿರುಸಾಗಿ ತುಂಬಿಸಿದರೆ ಪ್ರತಿ ಕಲ್ಲೂ ಕೈಗೆ ತಿಳಿಯುತ್ತದೆ. ಗೇರ್ ಏಳಿದ್ದರೆ ಧಾರಾಳ. ಬೆಳಿಗ್ಗೆ ಕೊಥ್ರೂಡ್‌ನಿಂದ ದಾರಿಯಲ್ಲಿ ಸಿಗುವ ಡೆಕ್ಕನ್ ಬಡಾವಣೆಯ ಕಡೆಗೆ ಇಳಿಜಾರು, ದಣಿದು ಮರಳುವ ಸಂಜೆಗೆ ಏರು, ಆದ್ದರಿಂದ ಅತಿ ಹಗುರದ ಗೇರ್ ಸರಿಯಾಗಿ ಬೀಳುತ್ತದೆಯೇ ಎಂದು ನೋಡಿಕೊಳ್ಳಿ. ಕೊಥ್ರೂಡ್‌ನ ಆಚೆಗಿರುವ ಚಾಂದಣಿ ಚೌಕದ ಏರನ್ನು ಈಗಲೇ ಹತ್ತಲು ಹೋಗಬೇಡಿ.

ಮಡ್‌ಗಾರ್ಡ್, ಚೈನ್ ಕವರ್, ಕ್ಯಾರಿಯರ್, ಗಂಟೆ, ಹಿಂದಿನ ಕೆಂಪು ದೀಪ ಇವನ್ನು ಅದೇ ದಿನ ಹಾಕಿಸಿಬಿಡಿ. ಜೂನ್‌ಗೆ ಮಳೆ ಬಂದಾಗ ಮಡ್‌ಗಾರ್ಡ್ ಇಲ್ಲದಿದ್ದರೆ ಕಚೇರಿ ತಲುಪುವಷ್ಟರಲ್ಲಿ ಬೆನ್ನುದ್ದಕ್ಕೂ ಕೆಸರಿನ ಗೆರೆ ಬಿದ್ದಿರುತ್ತದೆ.