ಪ್ರಶ್ನೋತ್ತರ: ಸಮಾಧಾನ ಒಲ್ಲೆನೆಂದ ಚೀಯೋನ್

ಪ್ರಶ್ನೆ: ಜೆರುಸಲೇಮಿನ ದೇವಾಲಯ ನಾಶವಾದ ದಿನ ಯಹೂದಿಗಳು ಉಪವಾಸವಿದ್ದು ಶೋಕಿಸುತ್ತಾರೆ, ಅದರ ನಂತರದ ಶನಿವಾರವನ್ನು ‘ಸಾಂತ್ವನದ ಸಬ್ಬತ್’ ಎಂದು ಕರೆಯುತ್ತಾರೆ ಎಂದು ಓದಿದೆ. ಆದರೆ ಆ ದೇವಾಲಯ ಬೀಳುವಂತೆ ಮಾಡಿದವನು ದೇವರೇ ಎಂದು ಅವರ ಗ್ರಂಥಗಳೇ ಹೇಳುತ್ತವೆ. ಹೊಡೆದವನೇ ಕಣ್ಣೊರೆಸಲು ಬಂದರೆ ಅದನ್ನು ಸಾಂತ್ವನವೆನ್ನಬಹುದೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ತಾವು ಕೇಳಿದ ಪ್ರಶ್ನೆಯನ್ನು ಯಹೂದಿ ಪರಂಪರೆ ತಾನೇ ಕೇಳಿಕೊಂಡಿದೆ, ವರ್ಷಕ್ಕೊಮ್ಮೆ ಅದನ್ನು ತನ್ನ ಪ್ರಾರ್ಥನಾಮಂದಿರವಾದ ಸಿನಗಾಗ್‌ನಲ್ಲಿ ಎಲ್ಲರ ಮುಂದೆ ಗಟ್ಟಿಯಾಗಿ ಓದುವ ಏರ್ಪಾಟನ್ನೂ ಮಾಡಿಕೊಂಡಿದೆ.

ಕ್ರಿ.ಪೂ. 586ರಲ್ಲಿ ಬ್ಯಾಬಿಲೋನಿಯನ್ನರು ಮೊದಲ ದೇವಾಲಯವನ್ನು, ಕ್ರಿ.ಶ. 70ರಲ್ಲಿ ರೋಮನ್ನರು ಎರಡನೆಯದನ್ನು ಸುಟ್ಟರು. ಈ ಎರಡೂ ನಾಶಗಳನ್ನು ಯಹೂದಿ ಪಂಚಾಂಗದ ಆವ್ ತಿಂಗಳ ಒಂಬತ್ತನೆಯ ದಿನ ಸ್ಮರಿಸುತ್ತಾರೆ. ಆ ರಾತ್ರಿ ದೀಪಗಳನ್ನು ಮಂದಗೊಳಿಸಿ, ನೆಲದ ಮೇಲೋ ತಗ್ಗಾದ ಆಸನದ ಮೇಲೋ ಕುಳಿತು ‘ಪ್ರಲಾಪಗಳು’ ಗ್ರಂಥವನ್ನು ಓದುತ್ತಾರೆ. ಅದರ ಮೊದಲ ಅಧ್ಯಾಯದಲ್ಲಿ ಜೆರುಸಲೇಮ್ ನಗರವು ರಾತ್ರಿಯೆಲ್ಲ ಅಳುವ ವಿಧವೆ. ಅವಳನ್ನು ಸಂತೈಸುವವರು ಯಾರೂ ಇಲ್ಲ ಎಂಬ ಮಾತು ಆ ಒಂದೇ ಅಧ್ಯಾಯದಲ್ಲಿ ಸ್ವಲ್ಪ ಸ್ವಲ್ಪ ರೂಪ ಬದಲಿಸಿ ಐದು ಬಾರಿ ಬರುತ್ತದೆ. ಇದನ್ನು ಕೇಳಿಸಿಕೊಂಡ ಕಿವಿಗಳೇ ಮುಂದಿನ ಶನಿವಾರ ಪ್ರವಾದಿ ಯೆಶಾಯನ ಗ್ರಂಥದ ನಲವತ್ತನೆಯ ಅಧ್ಯಾಯದ ಆರಂಭವನ್ನು ಕೇಳುತ್ತವೆ: ‘ಸಂತೈಸಿರಿ, ನನ್ನ ಜನರನ್ನು ಸಂತೈಸಿರಿ.’ ‘ನಹಮು’, ಅಂದರೆ ‘ಸಂತೈಸಿರಿ’, ಎಂಬ ಈ ಮೊದಲ ಪದದಿಂದಲೇ ಆ ದಿನಕ್ಕೆ ಶಬ್ಬಾತ್ ನಹಮು ಎಂಬ ಹೆಸರು ಬಂದಿದೆ.

ವಿಷಯ ಇಲ್ಲಿಗೇ ಮುಗಿದಿದ್ದರೆ ತಮ್ಮ ಆಕ್ಷೇಪಣೆಗೆ ಉತ್ತರ ಸಿಗುತ್ತಿರಲಿಲ್ಲ. ಆ ದಿನದಿಂದ ಹೊಸ ವರ್ಷದವರೆಗೆ ಏಳು ಶನಿವಾರಗಳಲ್ಲಿ ಸಾಂತ್ವನದ ಏಳು ಪಾಠಗಳನ್ನು ಓದುತ್ತಾರೆ. ಏಳೂ ಯೆಶಾಯನ ಗ್ರಂಥದವೇ ಆದರೂ ಅವುಗಳ ಅನುಕ್ರಮ ಗ್ರಂಥದ ಅನುಕ್ರಮವಲ್ಲ: ಮೂರನೆಯ ವಾರ ಐವತ್ತನಾಲ್ಕನೆಯ ಅಧ್ಯಾಯದ ನಡುವಿನಿಂದ ಓದಿದವರು ನಾಲ್ಕನೆಯ ವಾರ ಐವತ್ತೊಂದನೆಯ ಅಧ್ಯಾಯಕ್ಕೆ ಹಿಂದಿರುಗುತ್ತಾರೆ, ಐದನೆಯ ವಾರ ಮತ್ತೆ ಐವತ್ತನಾಲ್ಕರ ಮೊದಲಿಗೆ ಬರುತ್ತಾರೆ. ಹದಿನಾಲ್ಕನೆಯ ಶತಮಾನದಲ್ಲಿ ಸ್ಪೇನಿನ ಸೆವಿಲ್ ನಗರದಲ್ಲಿದ್ದ ದಾವೀದ್ ಅಬುದರ್ಹಾಮ್ ಎಂಬ ವಿದ್ವಾಂಸರು, ಹಳೆಯ ವ್ಯಾಖ್ಯಾನವೊಂದನ್ನು ಆಧರಿಸಿ, ಇದರ ಕಾರಣವನ್ನು ವಿವರಿಸಿದ್ದಾರೆ. ಏಳು ಪಾಠಗಳ ಮೊದಲ ಮಾತುಗಳನ್ನು ಸಾಲಾಗಿ ಇಟ್ಟರೆ ಅವು ಒಂದು ಸಂಭಾಷಣೆಯಾಗುತ್ತವೆ. ‘ನನ್ನ ಜನರನ್ನು ಸಂತೈಸಿರಿ’ ಎಂದು ದೇವರು ಪ್ರವಾದಿಗಳನ್ನು ಕಳುಹಿಸುತ್ತಾನೆ. ಚೀಯೋನ್, ಅಂದರೆ ಹೆಣ್ಣಾಗಿ ಚಿತ್ರಿತವಾದ ಜೆರುಸಲೇಮ್, ಆ ಪ್ರವಾದಿಗಳ ಮಾತಿಗೆ ಸಮಾಧಾನಗೊಳ್ಳದೆ, ‘ಕರ್ತನು ನನ್ನನ್ನು ಕೈಬಿಟ್ಟಿದ್ದಾನೆ’ ಎನ್ನುತ್ತಾಳೆ. ಪ್ರವಾದಿಗಳು ಹಿಂದಿರುಗಿ, ‘ಕುಗ್ಗಿದವಳು, ಬಿರುಗಾಳಿಗೆ ಸಿಕ್ಕಿದವಳು, ಸಮಾಧಾನ ಹೊಂದದವಳು’ ಎಂದು ಒಪ್ಪಿಸುತ್ತಾರೆ. ಆಗ ದೇವರು, ‘ನಾನು, ನಾನೇ ನಿಮ್ಮನ್ನು ಸಂತೈಸುವವನು’ ಎಂದು ಸ್ವತಃ ಮುಂದೆ ಬರುತ್ತಾನೆ. ‘ಹಾಡು’, ‘ಏಳು, ಬೆಳಗು’ ಎಂದು ಕರೆಯುವ ಎರಡು ವಾರಗಳು ಕಳೆದು ಏಳನೆಯ ವಾರ ಬಂದಾಗ ಮಾತ್ರ ಚೀಯೋನ್ ‘ನಾನು ಕರ್ತನಲ್ಲಿ ಹರ್ಷಿಸುವೆನು’ ಎನ್ನುತ್ತಾಳೆ.

ಈ ಏರ್ಪಾಟಿನಲ್ಲಿ ನನ್ನ ಮನಸ್ಸು ಸದಾ ನಿಲ್ಲುವುದು ಎರಡನೆಯ ವಾರದಲ್ಲಿ. ಸಂತೈಸಲು ಬಂದವರಿಗೆ ‘ಒಲ್ಲೆ’ ಎನ್ನುವ ಹಕ್ಕನ್ನು ಈ ಪರಂಪರೆ ದುಃಖಿತಳಿಗೆ ಕೊಟ್ಟಿದೆ, ಆ ನಿರಾಕರಣೆಯನ್ನು ಪಾಪವೆಂದು ಬಗೆಯದೆ ಪವಿತ್ರ ಪಾಠವಾಗಿಯೇ ಉಳಿಸಿಕೊಂಡಿದೆ. ಹೊಡೆದವನ ಪರವಾಗಿ ಇನ್ನೊಬ್ಬರು ಬಂದು ಆಡುವ ಮಾತು ಸಾಲದು ಎಂಬ ತಮ್ಮ ಅನಿಸಿಕೆ ಚೀಯೋನಿನದೂ ಹೌದು. ದೇವರು ದೂರದಲ್ಲಿ ನಿಂತು ಸಂತೈಸುತ್ತಾನೆಂದು ಯಹೂದಿ ಗುರುಗಳಾದ ರಬ್ಬಿಗಳೂ ಹೇಳಲಿಲ್ಲ. ಇಸ್ರಾಯೇಲ್ಯರು ಎಲ್ಲೆಲ್ಲಿಗೆ ಗಡೀಪಾರಾದರೋ ಅಲ್ಲೆಲ್ಲ ಶೆಖಿನಾ, ಅಂದರೆ ಅವನ ಸಾನ್ನಿಧ್ಯ, ಅವರೊಂದಿಗೆ ಗಡೀಪಾರಾಯಿತು ಎಂಬುದು ಆ ಗುರುಗಳ ಚರ್ಚೆಗಳ ಸಂಗ್ರಹವಾದ ತಾಲ್ಮುದ್‌ನಲ್ಲಿ ರಬ್ಬಿ ಶಿಮೋನ್ ಬಾರ್ ಯೋಹಾಯ್ ಅವರ ಮಾತು. ಪಾಳುಬಿದ್ದ ಕಟ್ಟಡದೊಳಗೆ ಪ್ರಾರ್ಥಿಸಲು ಹೋದ ರಬ್ಬಿ ಯೋಸೆಗೆ, ತನ್ನ ಮನೆಯನ್ನು ತಾನೇ ಕೆಡವಿದ್ದಕ್ಕಾಗಿ ಪಾರಿವಾಳದಂತೆ ನರಳುವ ದನಿಯೊಂದು ಕೇಳಿಸಿತೆಂಬ ಕಥೆಯೂ ಅಲ್ಲಿದೆ. ದಂಡಿಸಿದವನೂ ಶೋಕಿಸುತ್ತಿದ್ದಾನೆ ಎಂಬುದು ತರ್ಕಕ್ಕೆ ಪೂರ್ಣ ಉತ್ತರವಾಗದಿರಬಹುದು. ಆದರೆ ದುಃಖದಲ್ಲಿ ಪಕ್ಕಕ್ಕೆ ಕುಳಿತುಕೊಳ್ಳಲು ಯಾರಿಗೆ ಅರ್ಹತೆಯಿದೆ ಎಂಬ ಪ್ರಶ್ನೆಗೆ ಅದು ಉತ್ತರವಾಗುತ್ತದೆ.

ಪ್ರಶ್ನೆ: ಈಚೆಗೆ ನನ್ನ ತಾಯಿ ತೀರಿಕೊಂಡರು. ಬಂದವರೆಲ್ಲ ಏನೇನೋ ಹೇಳಿದರು, ಒಂದೂ ಮನಸ್ಸಿಗೆ ನಾಟಲಿಲ್ಲ. ಯಹೂದಿಗಳು ಸಾವಿನ ಮನೆಯಲ್ಲಿ ಏನು ಹೇಳುತ್ತಾರೆ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ತಾಯಿಯವರನ್ನು ಕಳೆದುಕೊಂಡ ತಮ್ಮ ದುಃಖದಲ್ಲಿ ನಾನೂ ಭಾಗಿ. ಯಹೂದಿಗಳು ಮೊದಲಿಗೆ ಏನೂ ಹೇಳುವುದಿಲ್ಲ. ಸತ್ತವರ ದೇಹ ಕಣ್ಣೆದುರಿಗೇ ಇರುವಾಗ ಯಾರನ್ನೂ ಸಂತೈಸಬೇಡ ಎಂದು ‘ಪಿರ್ಕೆ ಆವೋತ್’ ಎಂಬ ನೀತಿಸಂಗ್ರಹ ಹೇಳುತ್ತದೆ. ಅಂತ್ಯಕ್ರಿಯೆಯ ನಂತರ ಏಳು ದಿನ ಮನೆಯವರು ತಗ್ಗಾದ ಆಸನದಲ್ಲಿ ಕುಳಿತಿರುತ್ತಾರೆ, ಮೊದಲ ಊಟವನ್ನು ನೆರೆಹೊರೆಯವರು ತಂದುಕೊಡುತ್ತಾರೆ. ಆ ಊಟದಲ್ಲಿ ಮೊಟ್ಟೆ ಅಥವಾ ಬೇಳೆಯಿರುತ್ತದೆ. ಬೇಳೆಗೆ ಹೇಗೆ ಬಾಯಿಲ್ಲವೋ ಹಾಗೆಯೇ ಶೋಕದಲ್ಲಿರುವವನಿಗೂ ಬಾಯಿಲ್ಲ ಎಂದು ಗುರುಗಳು ಅದಕ್ಕೆ ಅರ್ಥ ಹೇಳಿದ್ದಾರೆ. ಬಂದವರು ಶೋಕದಲ್ಲಿರುವವನು ಮಾತನಾಡುವವರೆಗೆ ಕಾಯಬೇಕು, ಏಕೆಂದರೆ ಬೈಬಲಿನ ಕಥೆಯಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಸ್ನೇಹಿತರು ಏಳು ದಿನ ಏಳು ರಾತ್ರಿ ಸುಮ್ಮನೆ ಅವನೊಂದಿಗೆ ನೆಲದ ಮೇಲೆ ಕುಳಿತಿದ್ದರು, ಮೊದಲು ಬಾಯ್ತೆರೆದವನು ಯೋಬನೇ. ಆ ಸ್ನೇಹಿತರು ತಪ್ಪಿದ್ದು ಮಾತನಾಡಲು ತೊಡಗಿದ ಮೇಲೆ ಎಂದು ನನಗನ್ನಿಸುತ್ತದೆ.

ಹೊರಡುವಾಗ ಮಾತ್ರ ಒಂದು ವಾಕ್ಯವನ್ನು ಹೇಳುತ್ತಾರೆ. ಮಧ್ಯ ಮತ್ತು ಪೂರ್ವ ಯುರೋಪಿನ ಸಂಪ್ರದಾಯದಲ್ಲಿ ಅದು ಹೀಗಿದೆ: ‘ಚೀಯೋನ್ ಮತ್ತು ಜೆರುಸಲೇಮಿಗಾಗಿ ಶೋಕಿಸುವ ಇತರರ ನಡುವೆ ನಿಮ್ಮನ್ನೂ ಆ ಸ್ಥಳವು ಸಂತೈಸಲಿ.’ ‘ಸ್ಥಳ’ ಎಂಬುದು ಇಲ್ಲಿ ದೇವರ ಹೆಸರು. ಅವನು ಲೋಕಕ್ಕೆ ಸ್ಥಳ, ಲೋಕವು ಅವನಿಗೆ ಸ್ಥಳವಲ್ಲ ಎಂಬ ವ್ಯಾಖ್ಯಾನವಿದೆ. ಒಂದು ಮನೆಯ ಸಾವನ್ನು ಇಡೀ ಜನಾಂಗದ ನಷ್ಟದ ಪಕ್ಕದಲ್ಲಿ ಇಡುವ ಈ ವಾಕ್ಯದಲ್ಲಿ, ಕಾರಣಗಳ ವಿವರಣೆಯೂ ಇಲ್ಲ, ದುಃಖ ಬೇಗ ಕಳೆಯುವುದೆಂಬ ಆಶ್ವಾಸನೆಯೂ ಇಲ್ಲ.

ಪ್ರಶ್ನೆ: ವಿಮೋಚಕನೊಬ್ಬ ಬರುವನೆಂದು ಯಹೂದಿಗಳು ಎರಡು ಸಾವಿರ ವರ್ಷ ಕಾದಿದ್ದಾರೆ. ಅವನು ಬಂದಿಲ್ಲ. ಇದನ್ನು ಭರವಸೆ ಎನ್ನಬೇಕೇ, ಭ್ರಮೆ ಎನ್ನಬೇಕೇ? ಅವರ ವಿಮೋಚನೆ ನಮ್ಮ ಮೋಕ್ಷದಂತೆಯೇ?
– ಓದುಗರೊಬ್ಬರು, ಮೈಸೂರು

ಉತ್ತರ: ಎರಡನೆಯ ಪ್ರಶ್ನೆಯನ್ನು ಮೊದಲು ನೋಡೋಣ. ಹೀಬ್ರೂವಿನ ‘ಗೆಉಲಾ’ ಎಂಬ ಪದ ಹೊಲಮನೆಯ ವ್ಯವಹಾರದಿಂದ ಬಂದದ್ದು. ಬಡತನದಿಂದ ಒಬ್ಬನು ತನ್ನ ಹೊಲವನ್ನೋ ತನ್ನನ್ನೋ ಮಾರಿಕೊಂಡಿದ್ದರೆ, ಅವನ ಹತ್ತಿರದ ಸಂಬಂಧಿ ಹಣ ಕೊಟ್ಟು ಬಿಡಿಸಿಕೊಳ್ಳಬೇಕೆಂಬ ಕಟ್ಟಳೆ ಮೋಶೆಯ ಧರ್ಮಶಾಸ್ತ್ರದಲ್ಲಿದೆ. ಹಾಗೆ ಬಿಡಿಸುವ ಬಂಧುವೇ ‘ಗೋಏಲ್’. ಆದ್ದರಿಂದ ಅದು ಹುಟ್ಟುಸಾವುಗಳ ಚಕ್ರದಿಂದ ಆತ್ಮವು ಬಿಡುಗಡೆ ಹೊಂದುವ ಮೋಕ್ಷವಲ್ಲ. ಪರರ ಪಾಲಾದ ತನ್ನವರನ್ನು ಬಂಧುವಾದ ದೇವರು ಈ ನೆಲದ ಮೇಲೆಯೇ ಬಿಡಿಸಿಕೊಳ್ಳುವುದು.

ಭ್ರಮೆಯ ಅಪಾಯವನ್ನು ಯಹೂದಿಗಳು ಬಲ್ಲರು, ಅದಕ್ಕಾಗಿ ನೆತ್ತರನ್ನೂ ತೆತ್ತಿದ್ದಾರೆ. ಪಾಳುಬಿದ್ದ ದೇವಾಲಯದ ಗರ್ಭಗುಡಿಯಿಂದ ನರಿಯೊಂದು ಹೊರಬಂದುದನ್ನು ಕಂಡು ಜೊತೆಗಾರರೆಲ್ಲ ಅತ್ತಾಗ ರಬ್ಬಿ ಅಕಿವಾ ನಕ್ಕರಂತೆ. ಚೀಯೋನ್ ಹೊಲದಂತೆ ಉಳಲ್ಪಡುವುದು ಎಂಬ ಪ್ರವಾದನೆ ನಿಜವಾಯಿತು, ಹಾಗಾದರೆ ಜೆರುಸಲೇಮಿನ ಬೀದಿಗಳಲ್ಲಿ ಮತ್ತೆ ಮುದುಕರೂ ಮುದುಕಿಯರೂ ಕುಳಿತುಕೊಳ್ಳುವರು ಎಂಬ ಜೆಕರ್ಯನ ಪ್ರವಾದನೆಯೂ ನಿಜವಾಗುತ್ತದೆ ಎಂದು ಅವರು ವಿವರಿಸಿದರು. ‘ಅಕಿವಾ, ನೀನು ನಮ್ಮನ್ನು ಸಂತೈಸಿದೆ’ ಎಂದು ಜೊತೆಗಾರರು ಎರಡು ಬಾರಿ ಹೇಳಿದರು. ಆದರೆ ಇದೇ ಅಕಿವಾ, ರೋಮಿನ ವಿರುದ್ಧ ಕ್ರಿ.ಶ. 132ರಿಂದ 135ರವರೆಗೆ ದಂಗೆಯನ್ನು ನಡೆಸಿದ ಬಾರ್ ಕೋಖ್ಬಾನನ್ನು ಅಭಿಷಿಕ್ತ ರಾಜನೆಂದು, ಅಂದರೆ ವಿಮೋಚಕನಾದ ಮೆಸ್ಸೀಯನೆಂದು, ನಂಬಿದರು. ‘ಅಕಿವಾ, ನಿನ್ನ ಕೆನ್ನೆಯ ಮೇಲೆ ಹುಲ್ಲು ಬೆಳೆದೀತು, ಆಗಲೂ ದಾವೀದನ ಮಗ ಬಂದಿರುವುದಿಲ್ಲ’ ಎಂದು ಮತ್ತೊಬ್ಬ ಗುರು ಎಚ್ಚರಿಸಿದರು. ‘ದಾವೀದನ ಮಗ’ ಎಂದರೆ ಆ ಮೆಸ್ಸೀಯನೇ. ದಂಗೆ ಭೀಕರ ಸೋಲಿನಲ್ಲಿ ಮುಗಿಯಿತು. 1665ರಲ್ಲಿ ಶಬ್ಬೆತಾಯ್ ಝ್ವಿ ಎಂಬಾತ ತಾನೇ ಮೆಸ್ಸೀಯನೆಂದು ಸಾರಿ, ಮರುವರ್ಷ ತುರ್ಕಿಯ ಸುಲ್ತಾನನೆದುರು ಇಸ್ಲಾಮಿಗೆ ಮತಾಂತರಗೊಂಡಾಗ ಮುರಿದ ಮನೆಮನಗಳು ಎಷ್ಟೋ.

ಆದರೂ ಅಕಿವಾರ ನಗು ಮತ್ತು ಅವರ ತಪ್ಪು ಎರಡನ್ನೂ ಪರಂಪರೆ ಜೋಪಾನವಾಗಿ ಉಳಿಸಿಕೊಂಡಿದೆ, ಅವರನ್ನು ಗುರುಸ್ಥಾನದಿಂದ ಕೆಳಗಿಳಿಸಲಿಲ್ಲ. ದಿನ ಗೊತ್ತುಮಾಡಲು ಲೆಕ್ಕ ಹಾಕುವವರನ್ನು ತಾಲ್ಮುದ್ ಶಪಿಸುತ್ತದೆ, ಕಾಯುವುದನ್ನು ಮಾತ್ರ ಬಿಡಗೊಡುವುದಿಲ್ಲ. ಕೊರ್ದೊಬಾದಲ್ಲಿ 1138ರಲ್ಲಿ ಹುಟ್ಟಿ ಈಜಿಪ್ಟಿನಲ್ಲಿ 1204ರಲ್ಲಿ ತೀರಿಕೊಂಡ ಯಹೂದಿ ವಿದ್ವಾಂಸ ಮೈಮೊನಿದೆಸ್, ಮೆಸ್ಸೀಯನ ದಿನಗಳಲ್ಲೂ ಲೋಕದ ನಡೆ ಬದಲಾಗದು, ತೋಳವು ಕುರಿಮರಿಯೊಡನೆ ಇರುವುದೆಂಬುದು ರೂಪಕ ಎಂದು ಸ್ಪಷ್ಟವಾಗಿ ಬರೆದರು. ಗುರುಗಳು ಆ ಕಾಲಕ್ಕಾಗಿ ಹಂಬಲಿಸಿದ್ದು ಲೋಕವನ್ನು ಆಳಲಿಕ್ಕಲ್ಲ, ಬರವೂ ಯುದ್ಧವೂ ಮತ್ಸರವೂ ಇಲ್ಲದೆ ಜ್ಞಾನಾರ್ಜನೆಗೆ ಬಿಡುವು ಸಿಗಲೆಂದು ಎಂಬುದು ಅವರ ನಿಲುವು. ನಿನ್ನ ಕೈಯಲ್ಲಿ ಸಸಿಯಿರುವಾಗ ಮೆಸ್ಸೀಯನು ಬಂದನೆಂದು ಯಾರಾದರೂ ಹೇಳಿದರೆ, ಮೊದಲು ಸಸಿಯನ್ನು ನೆಟ್ಟು ಆಮೇಲೆ ಅವನನ್ನು ಎದುರುಗೊಳ್ಳಲು ಹೋಗು ಎಂಬ ಮಾತನ್ನು, ಎರಡನೆಯ ದೇವಾಲಯ ನಾಶವಾದ ಕಾಲದಲ್ಲಿ ಬದುಕಿದ್ದ ರಬ್ಬಿ ಯೋಹಾನಾನ್ ಬೆನ್ ಝಕ್ಕಾಯ್ ಅವರದೆಂದು ಹೇಳುತ್ತಾರೆ. ಹೀಗೆ ಸಸಿ ನೆಡಿಸುವ ನಿರೀಕ್ಷೆಯನ್ನು ಭ್ರಮೆಯೆನ್ನಲು ನನಗೆ ಮನಸ್ಸಾಗದು.

ಪ್ರಶ್ನೆ: ಭಾರತದ ಯಹೂದಿಗಳಲ್ಲೂ ಈ ನಿರೀಕ್ಷೆ ಇದೆಯೇ?
– ಓದುಗರೊಬ್ಬರು, ಕಾರವಾರ

ಉತ್ತರ: ಇದೆ, ತಮ್ಮದೇ ಕರಾವಳಿಯ ಉತ್ತರಕ್ಕಿರುವ ಕೊಂಕಣದಲ್ಲಿ. ಕರ್ತನ ಮಹಾದಿನದ ಮುನ್ನ ದೇವರು ಪ್ರಾಚೀನ ಪ್ರವಾದಿ ಎಲೀಯನನ್ನು ಕಳುಹಿಸುವನೆಂದು ಪ್ರವಾದಿ ಮಲಾಕಿಯನು ಹೇಳಿದ್ದರಿಂದ ಯಹೂದಿಗಳೆಲ್ಲರಿಗೂ ಎಲೀಯನು ವಿಮೋಚನೆಯ ಮುಂಗಾಮಿ. ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದುದನ್ನು ನೆನೆಯುವ ಪಸ್ಕ ಹಬ್ಬದ ರಾತ್ರಿ ಅವನಿಗಾಗಿ ಒಂದು ಬಟ್ಟಲು ದ್ರಾಕ್ಷಾರಸವನ್ನು ಇಡುತ್ತಾರೆ. ಮರಾಠಿ ಮಾತನಾಡುವ ಬೆನೆ ಇಸ್ರಾಯೇಲ್ ಸಮುದಾಯದವರಿಗಂತೂ ಅವನು ಮನೆಯ ಹಿರಿಯನಷ್ಟು ಹತ್ತಿರದವನು. ಅಲಿಬಾಗ್ ಸಮೀಪದ ಖಂಡಾಳೆ ಗ್ರಾಮದ ಬಂಡೆಯೊಂದರ ಮೇಲೆ ಅವನ ರಥ ಇಳಿದ ಗುರುತಿದೆಯೆಂದು ಅವರು ನಂಬುತ್ತಾರೆ. ಮದುವೆಯ ಮುನ್ನ, ಹರಕೆ ತೀರಿದಾಗ, ಹೊಸ ಮನೆ ಹೊಕ್ಕಾಗ ಅವರು ಮಾಡುವ ‘ಮಲಿದಾ’ದಲ್ಲಿ ತೆಂಗಿನತುರಿ ಬೆರೆಸಿದ ಸಿಹಿ ಅವಲಕ್ಕಿಯ ಸುತ್ತ ಹಣ್ಣುಗಳನ್ನು ಜೋಡಿಸಿ, ‘ಎಲಿಯಾಹು ಹನ್ನಾಬಿ’ ಎಂದು ಅವನ ಹೆಸರು ಹಿಡಿದು ಹಾಡಿ, ಆಮೇಲೆ ಎಲ್ಲರಿಗೂ ಹಂಚುತ್ತಾರೆ.