ತಮ್ಮ ಬ್ರೌನ್ ಶುಗರ್ ಸೇದುತ್ತಿದ್ದಾನೆ, ಆಸ್ಪತ್ರೆಗೆ ಕರೆದುಕೊಂಡು ಹೋದರೆ ಕೇಸ್ ಆಗುತ್ತಾ?

ಹರಿಹರದಿಂದ ಕೇಳಿದ್ದೀರಿ. ಡಿಗ್ರಿ ಓದುವ ತಮ್ಮನ ಬ್ಯಾಗಿನಲ್ಲಿ ಸುಟ್ಟ ಫಾಯಿಲ್ ಪೇಪರ್ ಸಿಕ್ಕಿದೆ, ಬ್ರೌನ್ ಶುಗರ್ (ಕಲಬೆರಕೆ ಹೆರಾಯಿನ್ ಪೌಡರ್) ಸೇದುತ್ತೇನೆ ಅಂತ ಅವನೂ ಒಪ್ಪಿಕೊಂಡಿದ್ದಾನೆ. ಅಪ್ಪ ಆರು ತಿಂಗಳು ಯಾವುದಾದರೂ ಚಟ ಬಿಡಿಸುವ ಸೆಂಟರಿಗೆ ಹಾಕೋಣ ಅಂತಿದ್ದಾರೆ. ನಾನು ದಾವಣಗೆರೆಯಲ್ಲಿ ಆಪ್ತಸಮಾಲೋಚಕಿ, ಇಂಥ ಮನೆಯವರ ಜೊತೆ ದಿನವೂ ಮಾತಾಡುವವಳು.

ಕೇಸಿನ ಭಯಕ್ಕೆ ತಡ ಮಾಡಬೇಡಿ. ಚಿಕಿತ್ಸೆಯ ವಿಷಯ ಗುಟ್ಟಾಗಿಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ. ಒಂದು ವೇಳೆ ಸೇವನೆಯ ಕೇಸ್ ಬಿದ್ದಿದ್ದರೂ, ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಇರುವ ಕಡೆ ಚಿಕಿತ್ಸೆ ಪಡೆದವನಿಗೆ ಮಾದಕ ವಸ್ತುಗಳ ಕಾನೂನಾದ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ರಕ್ಷಣೆ ಕೊಡುತ್ತದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಅದು ಹೋಗಬಹುದು.

ಆಸ್ಪತ್ರೆಯಲ್ಲಿ ಮೊದಲು ಬರೀ ಪ್ರಶ್ನೆ ಕೇಳುತ್ತಾರೆ. ಕಳೆದ ಮೂರು ತಿಂಗಳಲ್ಲಿ ಎಷ್ಟು ಸಲ, ಬೇಕೇ ಬೇಕು ಅನ್ನಿಸುತ್ತಾ, ಬಿಡೋಕೆ ನೋಡಿ ಆಗಲಿಲ್ಲವಾ, ಸೂಜಿ ಚುಚ್ಚಿಕೊಂಡಿದ್ದೀಯಾ. ಹತ್ತು ನಿಮಿಷದ ಮಾತು. ಇದೇ ಪ್ರಶ್ನೆಗಳನ್ನು ಜ್ವರ, ಮೈಕೈ ನೋವು ಅಂತ ಬರುವ ಹುಡುಗರಿಗೂ ಕೇಳಬೇಕು ಅನ್ನೋದು ನನ್ನ ಆಸೆ. ಪೌಡರ್ ಸಿಗದ ದಿನ ಮೂಗು ಸೋರುತ್ತೆ, ಮೇಲಿಂದ ಮೇಲೆ ಆಕಳಿಕೆ, ಮೈಯೆಲ್ಲ ಮುಳ್ಳು ಏಳುತ್ತೆ, ಭೇದಿ. ಮನೆಯವರು ವೈರಲ್ ಫೀವರ್ ಅಂದುಕೊಳ್ಳುತ್ತಾರೆ. ಕಣ್ಣಿನ ಪಾಪೆ ನೋಡಿ: ಸೇದಿದಾಗ ಸಾಸಿವೆ ಕಾಳಿನಷ್ಟಾಗುತ್ತೆ, ಸಿಗದಿದ್ದಾಗ ಅಗಲವಾಗುತ್ತೆ.

ಈಗ ಅಪ್ಪನ ಮಾತಿಗೆ ಬರುತ್ತೇನೆ. ವೈದ್ಯರೇ ಇಲ್ಲದ ಸೆಂಟರಿನಲ್ಲಿ ಕೂಡಿಹಾಕಿದರೆ ಪೌಡರ್ ಸಿಗದ ಆ ಸಂಕಟ ಸುಮಾರು ಒಂದು ವಾರದಲ್ಲಿ ಇಳಿಯಬಹುದು, ಆದರೆ ಆಸೆ ಇಳಿಯಲ್ಲ. ಅಷ್ಟರಲ್ಲಿ ದೇಹಕ್ಕಿದ್ದ ತಾಳಿಕೆ ಹೋಗಿರುತ್ತೆ. ಹೊರಬಂದ ಹುಡುಗ ಹಳೇ ಅಳತೆಯಲ್ಲೇ ಒಂದು ಸಲ ತಗೊಂಡರೆ ಉಸಿರು ನಿಲ್ಲಬಹುದು. ನನಗೆ ಅತಿ ಹೆಚ್ಚು ಹೆದರಿಕೆ ಈ ಘಟ್ಟದ್ದೇ. ಅದಕ್ಕೇ ಸಂಕಟವನ್ನೂ ಆಸೆಯನ್ನೂ ತಗ್ಗಿಸುವ, ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಬುಪ್ರೆನಾರ್ಫಿನ್ ಮಾತ್ರೆ ಇರೋದು. ಸಂಕಟ ಶುರುವಾದ ಮೇಲೆಯೇ ಮೊದಲ ಡೋಸ್ ಕೊಡುತ್ತಾರೆ, ಬೇಗ ಕೊಟ್ಟರೆ ಇನ್ನೂ ಜೋರಾಗುತ್ತೆ. ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಬೇಕಾಗುತ್ತೆ. 'ಒಂದು ಚಟ ಬಿಡಿಸೋಕೆ ಇನ್ನೊಂದು ಚಟವಾ' ಅಂತ ನೆಂಟರು ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಮಾತ್ರೆ ತಗೊಂಡು ಕಾಲೇಜಿಗೆ ಹೋಗುವವನು ಚಿಕಿತ್ಸೆಯಲ್ಲಿರುವವನು.

2020ರಲ್ಲಿ ಕೇಂದ್ರ ಸರ್ಕಾರದ ನಶಾ ಮುಕ್ತ ಭಾರತ ಅಭಿಯಾನ ಶುರುವಾಯಿತು. ಮಾದಕ ವಸ್ತು ವಿರೋಧಿ ದಿನವಾದ ಜೂನ್ 26ಕ್ಕೆ ಜಾಥಾ, ಪ್ರತಿಜ್ಞೆ ಎಲ್ಲ ನಡೆಯುತ್ತೆ. ಆಗಲಿ. ಆದರೆ ಈ ಮಾತ್ರೆಯೂ ಅದನ್ನು ಕೊಡಲು ಕಲಿತ ಸಿಬ್ಬಂದಿಯೂ ಪ್ರತಿ ತಾಲೂಕು ಆಸ್ಪತ್ರೆಯಲ್ಲಿ ಇರಬೇಕು. ಮಾತ್ರೆಗಾಗಿ ದಿನಾ ಬಸ್ ಹತ್ತಿ ಬರಬೇಕಾದ ಹುಡುಗ ನಡುವೆ ಬಿಟ್ಟುಬಿಡುತ್ತಾನೆ, ಆಮೇಲೆ ಅವನಿಗೆ ಮನಸ್ಸಿಲ್ಲ ಅಂತೇವೆ.

ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಕ್ಲಿನಿಕ್ ಇದೆ, ಯಾವ ಮಂಗಳವಾರ ಅಂತ ಮೊದಲೇ ವಿಚಾರಿಸಿ. ಇಲ್ಲವಾದರೆ ದಾವಣಗೆರೆಯ ಚಿಗಟೇರಿ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಬನ್ನಿ. ಹೊರಡುವ ಮುಂಚೆ ಮಾತಾಡಬೇಕು ಅನ್ನಿಸಿದರೆ ಚಟ ಬಿಡಿಸುವ ಸಹಾಯವಾಣಿ 14446 ಅಥವಾ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಎರಡೂ ಉಚಿತ. ಎಷ್ಟು ಅಲುಗಾಡಿಸಿದರೂ ಅವನು ಏಳದೆ, ಉಸಿರು ನಿಧಾನವಾಗಿ ತುಟಿ ನೀಲಿಯಾದರೆ ಮಗ್ಗುಲಾಗಿ ಮಲಗಿಸಿ ತಕ್ಷಣ 108ಕ್ಕೆ ಫೋನ್ ಮಾಡಿ, ಏನು ತಗೊಂಡಿದ್ದಾನೆ ಅಂತ ಮುಚ್ಚಿಡದೆ ಹೇಳಿ.